ನದಿಯೊಳಗಿನ ಅಂಗಡಿ

ಕುತೈಸಿಯಲ್ಲಿ, ರಿಯೋನಿ ನದಿಯ ದಂಡೆಗೆ
ಇಳಿಯುವ ಕಲ್ಲುಮೆಟ್ಟಿಲ ಕೆಳಗೆ
ಕಪಾಟಿನಷ್ಟೇ ಅಗಲದ ಒಂದು ಅಂಗಡಿ.
ತ್ಸಿಯಾಲಾ ಅಲ್ಲಿ ಕೊಡೆ ರಿಪೇರಿ ಮಾಡುತ್ತಾಳೆ,
ಜಿಪ್ಪು ಕೂಡ; ಮನಸ್ಸಾದರೆ ಬ್ಯಾಗಿನ ಹಿಡಿಕೆ.

ನಾನು ಹೋದದ್ದು ಸಲಹೆ ಹೇಳಲು.
ನಗರಸಭೆಯ ಯಾವುದೋ ಯೋಜನೆ:
ಸಣ್ಣ ಅಂಗಡಿಗೊಬ್ಬ ಡಿಸೈನರ್, ಆರು ಭೇಟಿ, ಪುಕ್ಕಟೆ.
"ಪುಕ್ಕಟೆಯಾ?" ಎಂದಳು, ಸೂಜಿ ಹಲ್ಲಲ್ಲಿ ಕಚ್ಚಿಕೊಂಡೇ.
"ಹಾಗಾದರೆ ಕೂತುಕೋ. ಆ ಕಡ್ಡಿ ಸ್ವಲ್ಪ ಹಿಡಿ."

ಕಡ್ಡಿ ಹಿಡಿದುಕೊಂಡೇ ಹೇಳಿದೆ, ಕಲಿತದ್ದನ್ನೆಲ್ಲ:
ಬಣ್ಣ ಎರಡು ಸಾಕು, ಮೂರನೆಯದು ಜಗಳ ತರುತ್ತದೆ.
ಫೋಟೋಗೆ ಫ್ಲಾಶ್ ಬೇಡ,
ಬೆಳಗಿನ ಹತ್ತರ ಬೆಳಕು ಮೆಟ್ಟಿಲ ಸಂದಿಯಿಂದ
ತಾನೇ ಇಳಿದು ಬರುತ್ತದಲ್ಲ, ಅದು ಸಾಕು.
ಮಾಡಿದ ಕೆಲಸಕ್ಕಿಂತ ಮಾಡುವ ಕೈ ತೋರಿಸಿ.
ದಿನಾ ಒಂದು ಚಿತ್ರ ಹಾಕಿ, ಹಲ್ಲುಜ್ಜಿದ ಹಾಗೆ, ತಪ್ಪದೆ.
ಮತ್ತೆ, ಬ್ರಾಂಡ್ ಎಂದರೆ...
"ಅಲ್ಲಾಡಿಸಬೇಡ," ಎಂದಳು.

ಅಂಗಡಿಗೆ ಹೆಸರಿರಲಿಲ್ಲ.
ಊರವರು ಮೆಟ್ಟಿಲ ಕೆಳಗಿನವಳು ಅನ್ನುತ್ತಿದ್ದರು, ಅಷ್ಟೆ.
ಮೂವತ್ತೆಂಟು ವರ್ಷ ಅಷ್ಟೇ ಸಾಕಾಗಿತ್ತು.
ನಾನು ಹೆಸರಿಟ್ಟೆ. ಲೋಗೋ ಬರೆದೆ.
ನಮ್ಮ ಲಿಪಿ ದುಂಡು, ದ್ರಾಕ್ಷಿ ಬಳ್ಳಿಯ ಕುಡಿಯ ಹಾಗೆ
ಸುತ್ತಿಕೊಂಡು ಕೂರುವ ಅಕ್ಷರ;
ಅದನ್ನು ಎಳೆದು, ನೆಟ್ಟಗೆ ಮಾಡಿ, ಮೂಲೆ ಚೂಪುಗೊಳಿಸಿ
ಬೂದಿಯ ಮೇಲೆ ಕಪ್ಪು, ಬರ್ಲಿನ್ನಿನ ಕಾಫಿ ಅಂಗಡಿಯ ಥರ.
ಎರಡು ವಾರ ಹಿಡಿಯಿತು.
ಆಕೆ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ
"ಚೆನ್ನಾಗಿದೆ," ಎಂದಳು. "ಯಾರು ಸತ್ತರು?"

ಆದರೂ ಪುಟ ತೆರೆದೆವು.
ಹನ್ನೊಂದು ಲೈಕು, ಅದರಲ್ಲಿ ನಾಲ್ಕು ನನ್ನ ಗೆಳತಿಯರದು.
ಹೊಸ ಗಿರಾಕಿ ಒಬ್ಬರೂ ಇಲ್ಲ.
ನವೆಂಬರ್ ಬೇರೆ, ಊರಿಗೆ ಊರೇ ಕೊಡೆ ಮುರಿದುಕೊಳ್ಳುವ ಕಾಲ.

ಒಂದು ಮಧ್ಯಾಹ್ನ ಆಕೆಯೇ ಕೇಳಿದಳು:
"ಈ ಜನ ಯಾಕೆ ಸೇತುವೆ ಮೇಲೆ ನಿಂತು ನೀರು ನೋಡುತ್ತಾರೆ?"
ಹೊರಬಂದು ನೋಡಿದೆ. ಮೂವರು.
ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ರೆಕ್ಕೆ ಮುರಿದ ಕೊಡೆ,
ನೆನೆಯುತ್ತ, ಬಗ್ಗುತ್ತ, ಅತ್ತಿತ್ತ.

ನಕಾಶೆ ತೆಗೆದೆ.
ನಮ್ಮ ಕೆಂಪು ಗುರುತು ರಿಯೋನಿಯ ನಟ್ಟನಡುವೆ,
ಬಿಳಿ ಕಲ್ಲುಗಳ ಮೇಲೆ ನೀರು ನೊರೆಯೇಳುವಲ್ಲಿ.
ಮೀನುಗಳಿಗೆ ಕೊಡೆ ಹೊಲಿಯುವ ಅಂಗಡಿ.
ಗುರುತು ಇಟ್ಟವಳು ನಾನೇ, ಮೊದಲ ದಿನ.
ಬೆರಳು ಒದ್ದೆಯಿತ್ತೇನೋ, ಜಾರಿದೆ.
ಎರಡು ವಾರ ಅಕ್ಷರದ ಮೂಲೆ ತೀಡಿದವಳು
ಎರಡು ನಿಮಿಷ ಇದನ್ನು ನೋಡಿರಲಿಲ್ಲ.

ಒತ್ತಿ ಹಿಡಿದು ಅಂಗಡಿಯನ್ನು ನೀರಿನಿಂದ ಎತ್ತಿದೆ,
ನಲವತ್ತು ಮೀಟರ್ ಎಳೆದು ದಂಡೆಗೆ ಹಾಕಿದೆ.
ವೇಳೆ ಬರೆದೆ: ಹತ್ತರಿಂದ ಆರು.
"ಎರಡರಿಂದ ಮೂರು ಮಲಗುತ್ತೇನೆ, ಅದನ್ನೂ ಬರಿ."
ಬರೆದೆ.

ಡಿಸೆಂಬರಿನಲ್ಲಿ ಯಾರೋ ವಾಖ್ತಾಂಗ್ ಒಂದೇ ನಕ್ಷತ್ರ ಕೊಟ್ಟ:
ಹೊಲಿಗೆ ಮೂರು ದಿನಕ್ಕೆ ಬಿಟ್ಟಿತು, ದುಡ್ಡು ದಂಡ.
ಏಳು ಸಾಲಿನ ಉತ್ತರ ತಯಾರಿಸಿದೆ,
ವಿಷಾದ, ಮೌಲ್ಯ, ಗ್ರಾಹಕರೇ ನಮ್ಮ ಇತ್ಯಾದಿ.
ತ್ಸಿಯಾಲಾ ಓದಿಸಿ ಕೇಳಿದಳು. ಅಳಿಸು ಎಂದಳು.
"ತಗೊಂಡು ಬಾ, ಇದ್ದೇನೆ. ಇಷ್ಟು ಬರಿ."
ಅವನು ಬಂದ. ಹೊಲಿದು ಕೊಟ್ಟಳು, ಜೊತೆಗೆ ಬೈಗುಳ:
ಗಾಳಿಗೆ ಬೆನ್ನು ಕೊಟ್ಟು ಹಿಡಿಯುತ್ತಾರೇನೋ ಕೊಡೆಯನ್ನ, ಕತ್ತೆ?
ನಕ್ಷತ್ರ ಒಂದೇ ಉಳಿದಿದೆ.
ಬದಲಿಸುವುದು ಅವನಿಗೆ ಬರುವುದಿಲ್ಲವಂತೆ.

ಆರು ಭೇಟಿ ಮುಗಿದವು. ನನ್ನ ವರದಿಯಲ್ಲಿ
ಫಲಿತಾಂಶ ಎಂಬ ಕಾಲಮ್ಮು ಇನ್ನೂ ಖಾಲಿ.
ಲೋಗೋ ಅವಳ ಚಹಾ ಲೋಟದಡಿ ಹಾಸಿದೆ.
ಹಳೆಯ ನಕಾಶೆ ಉಳಿಸಿಕೊಂಡವರು ಒಬ್ಬಿಬ್ಬರು
ಈಗಲೂ ಸೇತುವೆಗೆ ಬಂದು ನಿಲ್ಲುತ್ತಾರೆ.
ತ್ಸಿಯಾಲಾ ಕೂಗುವುದಿಲ್ಲ.
ಯಾರೋ ಬಿಟ್ಟುಹೋದ ದೊಡ್ಡ ಹಳದಿ ಕೊಡೆಯೊಂದನ್ನು
ಮೆಟ್ಟಿಲ ಕೆಳಗಿನಿಂದ ಹೊರಗೆ ಚಾಚಿ
ಫಟ್ಟನೆ ಬಿಚ್ಚುತ್ತಾಳೆ.